ತೂಕ ಇಳಿಯಲಿ, ತ್ರಾಣ ಉಳಿಯಲಿ: ಯಾವ ದಾರಿ ಯಾರಿಗೆ?

ನನ್ನ ಅಕ್ಕ ಎರಡೂವರೆ ತಿಂಗಳಲ್ಲಿ 11 ಕಿಲೊ ಇಳಿಸಿದಳು. ಮನೆಯವರೆಲ್ಲ ಹೊಗಳಿದರು, ನಾನೂ ಹೊಗಳಿದೆ. ಒಂದು ಸಂಜೆ ಮಗುವಿನ ಜೊತೆ ನೆಲದ ಮೇಲೆ ಕೂತು ಆಡುತ್ತಿದ್ದವಳು ಏಳಲು ಹೋಗಿ, ಆಗದೆ, ಗೋಡೆಗೆ ಕೈ ಊರಿ ನಿಂತಳು. "ತೂಕ ಇಳಿದಿದೆ, ಆದರೆ ಮೆಟ್ಟಿಲು ಹತ್ತುವಾಗ ತೊಡೆ ನಡುಗುತ್ತೆ ಕಣೋ" ಅಂದಳು. ದಿನಕ್ಕೆ ಸಾವಿರ ಕ್ಯಾಲೊರಿಯೂ ತಿನ್ನದೆ, ಬೆಳಿಗ್ಗೆ ಒಂದು ಗಂಟೆ ನಡೆದು ಇಳಿಸಿದ ತೂಕ ಅದು. ಇಳಿದಿದ್ದರಲ್ಲಿ ಕೊಬ್ಬೆಷ್ಟು, ಸ್ನಾಯುವೆಷ್ಟು ಎಂದು ನಮ್ಮಲ್ಲಿ ಯಾರೂ ಕೇಳಿರಲಿಲ್ಲ.

ಅದಾದ ಮೇಲೆ ಈ ವಿಷಯ ನನ್ನನ್ನು ಬಿಡಲಿಲ್ಲ. ತೂಕ ಇಳಿಸಲು ಹೊರಟವರು ನನ್ನನ್ನು ಕೇಳುವುದೂ ಇದನ್ನೇ: ನಿಧಾನವಾಗಿ ಇಳಿಸುವುದೋ, ಒಂದೇ ಸಲ ಕಡಿಮೆ ತಿಂದು ಬೇಗ ಮುಗಿಸುವುದೋ? ಹೊತ್ತು ನೋಡಿ ತಿನ್ನುವ ಉಪವಾಸವೋ, ಈಗ ಎಲ್ಲರೂ ಮಾತಾಡುವ ಇಂಜೆಕ್ಷನ್ನೋ, ಹೊಟ್ಟೆಯನ್ನು ಚಿಕ್ಕದು ಮಾಡುವ ಶಸ್ತ್ರಚಿಕಿತ್ಸೆಯೋ? ಪ್ರತಿಯೊಂದನ್ನೂ ಸ್ನಾಯುವಿನ ಕಡೆಯಿಂದ ನೋಡೋಣ. ಇಲ್ಲಿ ಸ್ನಾಯುವಿನ ಕಡೆ ಎಂದರೆ ಅದರ ಅಂದವಲ್ಲ, ಅದು ಮಾಡಬೇಕಾದ ಕೆಲಸ.

ಯಾವುದನ್ನು ಅಳೆಯಬೇಕು

ತೂಕದ ಯಂತ್ರ ಒಟ್ಟು ಭಾರವನ್ನು ಹೇಳುತ್ತದೆಯೇ ಹೊರತು ಯಾವುದರ ಭಾರ ಎಂದು ಹೇಳುವುದಿಲ್ಲ. ಮೊದಲ ವಾರವಂತೂ ಅದನ್ನು ನಂಬಲೇಬೇಡಿ. ಸ್ನಾಯುಗಳಲ್ಲೂ ಪಿತ್ತಜನಕಾಂಗದಲ್ಲೂ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಸುಮಾರು ಅರ್ಧ ಕಿಲೊದಷ್ಟು ಇರುತ್ತದೆ. ಅದರ ಒಂದೊಂದು ಗ್ರಾಮಿಗೂ ಸುಮಾರು 3 ಗ್ರಾಂ ನೀರು ಅಂಟಿಕೊಂಡಿರುತ್ತದೆ. ಊಟ ಕಡಿಮೆಯಾದ ಕೂಡಲೇ ಈ ದಾಸ್ತಾನು ಕರಗಿ ನೀರೂ ಹೊರಟುಹೋಗುತ್ತದೆ. ಮೊದಲ ವಾರ ಎರಡು ಕಿಲೊ ಇಳಿಯಿತು ಎಂಬ ಸಂಭ್ರಮದ ಬಹುಪಾಲು ಈ ನೀರೇ.

ಆಮೇಲೆ ಬರುವುದು ನಿಜವಾದ ಲೆಕ್ಕ. ವ್ಯಾಯಾಮವಿಲ್ಲದೆ ಬರೀ ಊಟ ಕಡಿಮೆ ಮಾಡಿದರೆ, ಇಳಿದ ತೂಕದಲ್ಲಿ ಸುಮಾರು ಕಾಲು ಭಾಗ ಕೊಬ್ಬಿಲ್ಲದ ತೂಕ ಎಂಬುದು ಬಹಳ ಕಾಲದಿಂದ ಬಳಕೆಯಲ್ಲಿರುವ ಅಂದಾಜು. ಕೊಬ್ಬಿಲ್ಲದ ತೂಕ ಎಂದರೆ ಸ್ನಾಯು ಮಾತ್ರವಲ್ಲ, ನೀರು ಮತ್ತು ಒಳ ಅಂಗಗಳೂ ಅದರಲ್ಲಿ ಸೇರಿವೆ. ಹಾಗಾಗಿ "ಡಯಟ್‌ನಿಂದ ಇಷ್ಟು ಕಿಲೊ ಸ್ನಾಯು ಹೋಯಿತು" ಎಂಬ ಸುದ್ದಿ ಓದಿದಾಗ ಅಷ್ಟನ್ನೂ ಸ್ನಾಯುವೆಂದೇ ಎಣಿಸಬೇಡಿ.

ಇನ್ನೂ ಒಂದು ಸೂಕ್ಷ್ಮವಿದೆ. ಸ್ನಾಯುವಿನ ಗಾತ್ರ ಬೇರೆ, ಅದರ ಕೆಲಸ ಬೇರೆ. ಅಮೆರಿಕದಲ್ಲಿ ನಡೆದ ಕ್ಯಾಲೆರಿ ಎಂಬ ಅಧ್ಯಯನದಲ್ಲಿ ಬೊಜ್ಜಿಲ್ಲದ ಆರೋಗ್ಯವಂತರು ಎರಡು ವರ್ಷ ಕಾಲ ಕ್ಯಾಲೊರಿಯನ್ನು ಸರಾಸರಿ ಸುಮಾರು 12 ಪ್ರತಿಶತ ಕಡಿಮೆ ಮಾಡಿದರು. ಅವರ ಸ್ನಾಯುವಿನ ಗಾತ್ರ ಇಳಿಯಿತು, ಬಲ ಅದೇ ಪ್ರಮಾಣದಲ್ಲಿ ಇಳಿಯಲಿಲ್ಲ. ಬೊಜ್ಜಿರುವವರಲ್ಲಿ ಇದು ಇನ್ನೂ ಸ್ಪಷ್ಟ. 2011ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 65 ದಾಟಿದ, ಬೊಜ್ಜಿದ್ದ 107 ಜನರನ್ನು ಒಂದು ವರ್ಷ ಗಮನಿಸಿದರು. ಬರೀ ಊಟ ಕಡಿಮೆ ಮಾಡಿದವರು ತಮ್ಮ ಕೊಬ್ಬಿಲ್ಲದ ತೂಕದಲ್ಲಿ 5 ಪ್ರತಿಶತ ಕಳೆದುಕೊಂಡರು. ಆದರೂ ಏಳುವುದು, ನಡೆಯುವುದು, ಮೆಟ್ಟಿಲು ಹತ್ತುವುದು ಇಂಥ ಕೆಲಸಗಳ ಪರೀಕ್ಷೆಯಲ್ಲಿ 12 ಪ್ರತಿಶತ ಸುಧಾರಿಸಿದರು. ಹೊರಬೇಕಾದ ಭಾರವೇ ಕಡಿಮೆಯಾದರೆ ಉಳಿದ ಸ್ನಾಯುವಿಗೆ ಕೆಲಸ ಹಗುರವಾಗುತ್ತದೆ. ಊಟ ಕಡಿಮೆ ಮಾಡಿ ವ್ಯಾಯಾಮವನ್ನೂ ಮಾಡಿದವರ ಸುಧಾರಣೆ 21 ಪ್ರತಿಶತ.

ಆದ್ದರಿಂದ ನಾನು ಪ್ರತಿ ದಾರಿಗೂ ಕೇಳುವ ಪ್ರಶ್ನೆಗಳು ಇವು. ಎಷ್ಟು ಸ್ನಾಯು ಹೋಗುತ್ತದೆ? ಬಲ ಉಳಿಯುತ್ತದೆಯೇ? ದಿನದ ಕೆಲಸ ಸಲೀಸಾಗುತ್ತದೆಯೇ, ಕಷ್ಟವಾಗುತ್ತದೆಯೇ? ಮೂಳೆಯ ಗತಿ ಏನು? ಇಳಿದ ತೂಕ ಮತ್ತೆ ಏರಿದರೆ ಏನಾಗುತ್ತದೆ? ಕೊನೆಯದಾಗಿ, ಎಷ್ಟು ಹಣ ಬೇಕು, ಎಷ್ಟು ಹೊತ್ತು ಬೇಕು?

ಬಲವನ್ನು ಮನೆಯಲ್ಲೇ ಅಳೆಯಬಹುದು. ತೋಳುಗಳನ್ನು ಎದೆಗೆ ಕಟ್ಟಿಕೊಂಡು, ಸಾಮಾನ್ಯ ಎತ್ತರದ ಕುರ್ಚಿಯಿಂದ ಐದು ಸಲ ಎದ್ದು ಕೂತು ಎಷ್ಟು ಸೆಕೆಂಡ್ ಆಯಿತೆಂದು ನೋಡಿ. ವಯಸ್ಸಾದವರಲ್ಲಿ ಸ್ನಾಯು ಸವೆತವನ್ನು ಗುರುತಿಸಲು ಏಷ್ಯಾದ ತಜ್ಞರ ಗುಂಪು 2019ರಲ್ಲಿ 12 ಸೆಕೆಂಡನ್ನು ಗಡಿಯಾಗಿ ಇಟ್ಟಿತು, ಯುರೋಪಿನವರದು 15 ಸೆಕೆಂಡ್. ಡಯಟ್ ಶುರು ಮಾಡುವ ಮುನ್ನ ಒಮ್ಮೆ ಅಳೆದು ಬರೆದಿಟ್ಟುಕೊಳ್ಳಿ. ಎರಡು ವಾರಕ್ಕೊಮ್ಮೆ ತೂಕದ ಪಕ್ಕದಲ್ಲೇ ಇದನ್ನೂ ಬರೆಯಿರಿ. ಅಕ್ಕ ಇದೊಂದನ್ನು ಮಾಡಿದ್ದರೂ ಎರಡನೇ ತಿಂಗಳಿಗೆ ಮುಂಚೆಯೇ ಗೊತ್ತಾಗುತ್ತಿತ್ತು.

ಊಟ ಕಡಿಮೆಯಾದಾಗ ಸ್ನಾಯುವಿನೊಳಗೆ ಆಗುವುದು

ಸ್ನಾಯು ಒಮ್ಮೆ ಕಟ್ಟಿ ಬಿಟ್ಟ ಗೋಡೆಯಲ್ಲ. ದಿನವೂ ಸ್ವಲ್ಪ ಒಡೆಯುತ್ತದೆ, ಸ್ವಲ್ಪ ಕಟ್ಟಿಕೊಳ್ಳುತ್ತದೆ. ಶಕ್ತಿ ಸಾಲದಾದಾಗ ದೇಹ ಮೊದಲು ಕೈಬಿಡುವುದು ಕಟ್ಟುವ ಕೆಲಸವನ್ನು. 2014ರ ಒಂದು ಅಧ್ಯಯನದಲ್ಲಿ ಕೇವಲ ಐದು ದಿನ ಕಡಿಮೆ ಕ್ಯಾಲೊರಿ ತಿಂದ ಯುವಕ ಯುವತಿಯರಲ್ಲಿ ಹೊಸ ಸ್ನಾಯು ಪ್ರೋಟೀನ್ ತಯಾರಾಗುವ ವೇಗ 27 ಪ್ರತಿಶತ ಇಳಿದಿತ್ತು. ಅದೇ ಕೊರತೆಯಲ್ಲಿ ಅವರು ಒಂದೇ ಒಂದು ಸಲ ಭಾರ ಎತ್ತಿದಾಗ ವೇಗ ಮೊದಲಿನ ಮಟ್ಟಕ್ಕೆ ಬಂತು. ಎತ್ತಿದ ಮೇಲೆ ಪ್ರೋಟೀನೂ ಸಿಕ್ಕಾಗ ಅದನ್ನೂ ಮೀರಿತು. ಈ ಒಂದು ಫಲಿತಾಂಶವನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಇಳಿಕೆಗೆ ತಡೆಯೇ ಇಲ್ಲದಿದ್ದರೆ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಎರಡನೇ ಮಹಾಯುದ್ಧದ ಕೊನೆಯಲ್ಲಿ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ನಡೆಸಿದ ಪ್ರಯೋಗ ತೋರಿಸಿತು. 36 ಆರೋಗ್ಯವಂತ ಯುವಕರು ತಾವಾಗಿ ಮುಂದೆ ಬಂದು 24 ವಾರ ಅರೆಹೊಟ್ಟೆಯಲ್ಲಿದ್ದರು. ದಿನಕ್ಕೆ ಸಿಗುತ್ತಿದ್ದದ್ದು ಸುಮಾರು 1,570 ಕ್ಯಾಲೊರಿ, ವಾರಕ್ಕೆ 35 ಕಿಲೊಮೀಟರ್ ನಡಿಗೆ ಕಡ್ಡಾಯ. ತೂಕ ಕಾಲು ಭಾಗ ಇಳಿಯಿತು. ಬಲ ಕುಗ್ಗಿತು, ದಮ್ಮು ಅದಕ್ಕಿಂತಲೂ ಹೆಚ್ಚು ಕುಗ್ಗಿತು. ಸಂಖ್ಯೆಯನ್ನು ಗಮನಿಸಿ: 1,570. ಇಂದು ಎಷ್ಟೋ ಡಯಟ್ ಪಟ್ಟಿಗಳು ಇದಕ್ಕಿಂತ ಕಡಿಮೆ ಕೊಡುತ್ತವೆ. ಆ ಯುವಕರ ಮೈಯಲ್ಲಿ ಕರಗಿಸಲು ಹೆಚ್ಚು ಕೊಬ್ಬಿರಲಿಲ್ಲ, ಬೊಜ್ಜಿರುವವರಲ್ಲಿ ಇರುತ್ತದೆ. ಈ ವ್ಯತ್ಯಾಸ ದೊಡ್ಡದು. ತೆಳ್ಳಗಿದ್ದಷ್ಟೂ ಕೊರತೆಯ ಪೆಟ್ಟು ಸ್ನಾಯುವಿನ ಮೇಲೆ ಹೆಚ್ಚು.

ಉಳಿದ ಸ್ನಾಯುವೂ ಬದಲಾಗುತ್ತದೆ. ತೂಕ 10 ಪ್ರತಿಶತ ಇಳಿದವರಲ್ಲಿ ಸ್ನಾಯು ಮಿತವ್ಯಯಿ ಆಗುತ್ತದೆ, ಹಗುರ ಕೆಲಸವನ್ನು ಸುಮಾರು 20 ಪ್ರತಿಶತ ಹೆಚ್ಚು ದಕ್ಷತೆಯಿಂದ ಮಾಡುತ್ತದೆ ಎಂದು ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 2003ರಲ್ಲಿ ತೋರಿಸಿದರು. ಮೊದಲಿನಷ್ಟೇ ನಡೆದರೂ ಮೊದಲಿನಷ್ಟು ಕ್ಯಾಲೊರಿ ಖರ್ಚಾಗುವುದಿಲ್ಲ. ಆರು ತಿಂಗಳಾದ ಮೇಲೆ ತೂಕ ನಿಂತುಹೋದರೆ ನಿಮ್ಮಲ್ಲೇ ಏನೋ ತಪ್ಪಿದೆ ಎಂದುಕೊಳ್ಳಬೇಡಿ. ನಿಮ್ಮ ಸ್ನಾಯು ಉಳಿತಾಯ ಕಲಿತಿದೆ.

ನಿಧಾನದ ದಾರಿ: ದಿನಕ್ಕೆ 300ರಿಂದ 500 ಕ್ಯಾಲೊರಿ ಕಡಿಮೆ

ದಿನಕ್ಕೆ 500 ಕ್ಯಾಲೊರಿ ಕೊರತೆ ಎಂದರೆ ವಾರಕ್ಕೆ ಹೆಚ್ಚೆಂದರೆ ಅರ್ಧ ಕಿಲೊ. ಬೇಸರ ತರಿಸುವ ವೇಗ, ನಿಜ. ಆದರೆ ಸ್ನಾಯುವಿನ ಕಡೆಯಿಂದ ನೋಡಿದರೆ ನಾನು ಹೆಚ್ಚಿನವರಿಗೆ ಹೇಳುವುದು ಇದನ್ನೇ. ನಾರ್ವೆಯ ಕ್ರೀಡಾಪಟುಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ಗುಂಪು ವಾರಕ್ಕೆ ದೇಹತೂಕದ 0.7 ಪ್ರತಿಶತ, ಇನ್ನೊಂದು ಗುಂಪು 1.4 ಪ್ರತಿಶತ ಇಳಿಸಿತು. ಎರಡೂ ಗುಂಪು ವಾರಕ್ಕೆ ನಾಲ್ಕು ಸಲ ಭಾರ ಎತ್ತುತ್ತಿದ್ದವು. ನಿಧಾನದವರ ಕೊಬ್ಬಿಲ್ಲದ ತೂಕ 2 ಪ್ರತಿಶತದಷ್ಟು ಏರಿತು, ವೇಗದವರದು ಇದ್ದಲ್ಲೇ ಇತ್ತು.

ಇಲ್ಲೂ ಒಂದು ಮಿತಿಯಿದೆ. ಕೊರತೆ ದಿನಕ್ಕೆ 500 ಕ್ಯಾಲೊರಿಯ ಆಸುಪಾಸಿಗೆ ಬಂದರೆ ವ್ಯಾಯಾಮ ಮಾಡಿದರೂ ಹೊಸ ಸ್ನಾಯು ಬೆಳೆಯುವುದು ಸಾಮಾನ್ಯವಾಗಿ ನಿಲ್ಲುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಂಡಿದೆ. ಸಮಾಧಾನದ ಸಂಗತಿ ಎಂದರೆ ಬಲ ಹೆಚ್ಚುವುದು ನಿಲ್ಲುವುದಿಲ್ಲ. ಏಕೆಂದರೆ ಬಲದ ಒಂದು ದೊಡ್ಡ ಪಾಲು ನರಗಳದು. ಇರುವ ಸ್ನಾಯುವನ್ನೇ ಹೆಚ್ಚು ಚೆನ್ನಾಗಿ ದುಡಿಸಿಕೊಳ್ಳಲು ನರಗಳು ಕಲಿಯುತ್ತವೆ, ಅದಕ್ಕೆ ಹೆಚ್ಚುವರಿ ಕ್ಯಾಲೊರಿ ಬೇಕಿಲ್ಲ.

ಹಣದ ಖರ್ಚು ಇದರಲ್ಲಿ ಎಲ್ಲಕ್ಕಿಂತ ಕಡಿಮೆ. ಬೇಕಾಗುವುದು ತಿಂಗಳುಗಟ್ಟಲೆ ತಾಳ್ಮೆ, ಅದು ಎಲ್ಲರಲ್ಲೂ ಇರುವುದಿಲ್ಲ.

ವೇಗದ ದಾರಿ: ದಿನಕ್ಕೆ 800 ಕ್ಯಾಲೊರಿ ಅಥವಾ ಅದಕ್ಕೂ ಕಡಿಮೆ

ಇದನ್ನು ಸುಮ್ಮನೆ ಬೈದು ಮುಂದೆ ಹೋಗುವುದು ನ್ಯಾಯವಲ್ಲ. ಬ್ರಿಟನ್ನಿನ ಡೈರೆಕ್ಟ್ ಪ್ರಯೋಗದಲ್ಲಿ ಟೈಪ್ 2 ಸಕ್ಕರೆ ಕಾಯಿಲೆಯವರು ಮೂರರಿಂದ ಐದು ತಿಂಗಳು ದಿನಕ್ಕೆ 825ರಿಂದ 853 ಕ್ಯಾಲೊರಿಯ ದ್ರವಾಹಾರದಲ್ಲಿದ್ದರು. ಒಂದು ವರ್ಷದ ಹೊತ್ತಿಗೆ ಅವರಲ್ಲಿ 46 ಪ್ರತಿಶತ ಜನ ಔಷಧಿಯಿಲ್ಲದೆ ಸಕ್ಕರೆಯನ್ನು ಹತೋಟಿಯಲ್ಲಿ ಇಟ್ಟುಕೊಂಡಿದ್ದರು. ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿ ಸಕ್ಕರೆ ಏರುತ್ತಿರುವವರಿಗೆ ವೇಗ ಬರೀ ಆತುರದ ಮಾತಲ್ಲ, ಅದು ಚಿಕಿತ್ಸೆ. ವೇಗವಾಗಿ ಇಳಿದದ್ದು ವೇಗವಾಗಿ ಮರಳುತ್ತದೆ ಎಂಬ ಮಾತೂ ಅಷ್ಟು ಗಟ್ಟಿಯಲ್ಲ. ಮೆಲ್ಬರ್ನಿನಲ್ಲಿ 12 ವಾರದಲ್ಲಿ ಇಳಿಸಿದವರನ್ನೂ 36 ವಾರದಲ್ಲಿ ಇಳಿಸಿದವರನ್ನೂ ಮೂರು ವರ್ಷ ಹಿಂಬಾಲಿಸಿದಾಗ ಎರಡೂ ಗುಂಪಿನಲ್ಲಿ ಇಳಿದ ತೂಕದ ಸುಮಾರು 71 ಪ್ರತಿಶತ ಮರಳಿ ಬಂದಿತ್ತು.

ಸ್ನಾಯುವಿನ ಲೆಕ್ಕದಲ್ಲಿ ಮಾತ್ರ ಇದು ದುಬಾರಿ. ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್‌ನಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಂದು ಗುಂಪಿಗೆ 12 ವಾರ ದಿನಕ್ಕೆ 1,250 ಕ್ಯಾಲೊರಿ, ಇನ್ನೊಂದಕ್ಕೆ 5 ವಾರ ದಿನಕ್ಕೆ 500 ಕ್ಯಾಲೊರಿ ಕೊಟ್ಟರು. ಇಳಿದ ತೂಕ ಹತ್ತಿರ ಹತ್ತಿರ ಒಂದೇ. ಆದರೆ ಅದರಲ್ಲಿ ಕೊಬ್ಬಿಲ್ಲದ ತೂಕದ ಪಾಲು ವೇಗದ ಗುಂಪಿನಲ್ಲಿ ಹೆಚ್ಚುಕಡಿಮೆ ಎರಡರಷ್ಟಿತ್ತು.

ಹೃದಯವೂ ಸ್ನಾಯುವೇ ಎಂಬುದನ್ನು ಮರೆಯಬಾರದು. 1970ರ ದಶಕದಲ್ಲಿ ಅಮೆರಿಕದಲ್ಲಿ ಕಳಪೆ ದರ್ಜೆಯ ಪ್ರೋಟೀನ್ ದ್ರವವನ್ನೇ ಕುಡಿದು ತಿಂಗಳುಗಟ್ಟಲೆ ಇದ್ದವರಲ್ಲಿ ಹಲವರು ಹೃದಯದ ಬಡಿತ ತಪ್ಪಿ ತೀರಿಕೊಂಡರು. ಅಂದಿನ ದ್ರವಗಳಿಗೂ ಇಂದಿನ ಪೂರ್ಣ ಪೋಷಕಾಂಶದ ಮಿಶ್ರಣಗಳಿಗೂ ಹೋಲಿಕೆಯಿಲ್ಲ. ಆದರೂ ವೈದ್ಯರ ಕಣ್ಗಾವಲು, ರಕ್ತದ ಲವಣಗಳ ಪರೀಕ್ಷೆ ಇಲ್ಲದೆ ಮನೆಯಲ್ಲೇ 800 ಕ್ಯಾಲೊರಿಗೆ ಇಳಿಯುವುದು ಬೇಡ ಎಂದು ಕೈ ಮುಗಿದು ಹೇಳುತ್ತೇನೆ. ಸಕ್ಕರೆ ಅಥವಾ ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರಿಗೆ ಮೊದಲ ದಿನದಿಂದಲೇ ಪ್ರಮಾಣ ಬದಲಿಸಬೇಕಾಗಬಹುದು. ವೇಗವಾಗಿ ಇಳಿಯುವಾಗ ಪಿತ್ತಕೋಶದ ಕಲ್ಲಿನ ಭಯವೂ ಇದೆ.

ಹೊತ್ತು ಕಟ್ಟಿದ ಊಟ

ದಿನದ ಎಂಟು ಗಂಟೆಯೊಳಗೆ ಉಂಡು ಉಳಿದ ಹದಿನಾರು ಗಂಟೆ ಉಪವಾಸವಿರುವ ಪದ್ಧತಿಯ ದೊಡ್ಡ ಆಕರ್ಷಣೆ, ಏನನ್ನೂ ತೂಗಿ ಎಣಿಸಬೇಕಿಲ್ಲ ಎಂಬುದು. ಎಣಿಕೆ ಆಗದವರಿಗೆ ಅದು ಸಣ್ಣ ಅನುಕೂಲವಲ್ಲ. ಆದರೆ ಕ್ಯಾಲೊರಿ ಸಮನಾಗಿದ್ದರೆ ಉಪವಾಸಕ್ಕೆ ವಿಶೇಷ ಮಹಿಮೆಯೇನೂ ಕಾಣುವುದಿಲ್ಲ. ಗುವಾಂಗ್‌ಝೌನಲ್ಲಿ 139 ಜನರ ಮೇಲೆ ಒಂದು ವರ್ಷ ನಡೆದ, 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹೊತ್ತು ಕಟ್ಟಿದವರು 8 ಕಿಲೊ, ಕಟ್ಟದೆ ಅಷ್ಟೇ ಕ್ಯಾಲೊರಿಗೆ ಇಳಿದವರು 6.3 ಕಿಲೊ ಇಳಿಸಿದರು. ಸಂಖ್ಯಾಶಾಸ್ತ್ರದ ಪ್ರಕಾರ ಆ ಅಂತರ ಗಣನೀಯವಲ್ಲ.

ಸ್ನಾಯುವಿನ ವಿಷಯದಲ್ಲಿ ಎರಡು ಫಲಿತಾಂಶಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 12 ವಾರ ಈ ಪದ್ಧತಿ ಪಾಲಿಸಿದವರ ಪೈಕಿ ದೇಹದ ಸಂಯೋಜನೆ ಅಳೆಸಿಕೊಂಡವರು ಸರಾಸರಿ 1.7 ಕಿಲೊ ಇಳಿದಿದ್ದರು. ಅದರಲ್ಲಿ 1.1 ಕಿಲೊ ಕೊಬ್ಬಿಲ್ಲದ ತೂಕ! ಇಟಲಿಯಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಿತ್ಯ ಭಾರ ಎತ್ತುವ 34 ಗಂಡಸರಲ್ಲಿ ಒಂದು ಗುಂಪು ಎಂಟು ವಾರ ಇದನ್ನೇ ಪಾಲಿಸಿತು. ಅವರ ಕೊಬ್ಬು ಇಳಿಯಿತು, ಸ್ನಾಯುವೂ ಬಲವೂ ಉಳಿದವು. ಎರಡೂ ಕಡೆ ಉಪವಾಸದ ಪದ್ಧತಿ ಒಂದೇ. ಒಂದರಲ್ಲಿ ಊಟಕ್ಕೂ ವ್ಯಾಯಾಮಕ್ಕೂ ಯಾವ ಕಟ್ಟುಪಾಡೂ ಇರಲಿಲ್ಲ, ಇನ್ನೊಂದರಲ್ಲಿ ಪ್ರೋಟೀನೂ ಭಾರವೂ ಇದ್ದವು. ಒಂದು ಹೊತ್ತಿನ ಊಟ ಬಿಟ್ಟಾಗ ಅದರಲ್ಲಿದ್ದ ಪ್ರೋಟೀನೂ ಬಿಟ್ಟುಹೋಗುತ್ತದೆ, ಬಹುಮಂದಿ ಅದನ್ನು ಉಳಿದ ಊಟಗಳಲ್ಲಿ ತುಂಬಿಕೊಳ್ಳುವುದಿಲ್ಲ. ಎರಡೇ ಊಟದಲ್ಲಿ ದಿನದ ಪ್ರೋಟೀನ್ ತಿನ್ನಬಲ್ಲೆ ಅನ್ನುವವರು ಇದನ್ನು ಆರಿಸಿಕೊಳ್ಳಬಹುದು. ಹಸಿವು ಕಡಿಮೆ ಇರುವ ವಯಸ್ಸಾದವರಿಗೆ ಬೇಡ.

ಇಂಜೆಕ್ಷನ್ ಮತ್ತು ಶಸ್ತ್ರಚಿಕಿತ್ಸೆ

ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಎಂಬ ಈ ಇಂಜೆಕ್ಷನ್ ಔಷಧಿಗಳು ಸ್ನಾಯುವನ್ನು ತಿಂದುಹಾಕುತ್ತವೆ ಎಂಬ ಹೆದರಿಕೆ ಹರಡಿದೆ. ಅವು ಹಸಿವನ್ನು ಇಳಿಸುತ್ತವೆ, ಸ್ನಾಯು ಹೋಗುವುದು ಮುಖ್ಯವಾಗಿ ಊಟ ಕಡಿಮೆಯಾದುದರಿಂದ. ಸೆಮಾಗ್ಲುಟೈಡ್‌ನ ಸ್ಟೆಪ್ 1 ಪ್ರಯೋಗದಲ್ಲಿ 68 ವಾರಕ್ಕೆ ಸರಾಸರಿ 14.9 ಪ್ರತಿಶತ ತೂಕ ಇಳಿಯಿತು. ಸ್ಕ್ಯಾನ್ ಮಾಡಿಸಿಕೊಂಡ ಸಣ್ಣ ಗುಂಪಿನಲ್ಲಿ ಕೊಬ್ಬು 19.3 ಪ್ರತಿಶತ, ಕೊಬ್ಬಿಲ್ಲದ ತೂಕ 9.7 ಪ್ರತಿಶತ ಇಳಿದಿತ್ತು. ಟಿರ್ಜೆಪಟೈಡ್‌ನಲ್ಲಿ ಇವು 33.9 ಮತ್ತು 10.9. ಕೊಬ್ಬು ಹೋದಷ್ಟು ಸ್ನಾಯು ಹೋಗಿಲ್ಲವಾದ್ದರಿಂದ ದೇಹದ ಒಟ್ಟು ಹದ ಸುಧಾರಿಸಿದೆ. ಆದರೆ ಇಳಿಯುವ ತೂಕವೇ ದೊಡ್ಡದಾದಾಗ ಅದರಲ್ಲಿ ಕೊಬ್ಬಿಲ್ಲದ ತೂಕದ ಪಾಲೂ ದೊಡ್ಡದೇ.

ನನಗೆ ಇದಕ್ಕಿಂತ ಕಳವಳ ತರುವುದು ನಡುವೆ ನಿಲ್ಲಿಸುವವರ ವಿಷಯ. ಸೆಮಾಗ್ಲುಟೈಡ್ ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದ ತೂಕದ ಮೂರನೇ ಎರಡು ಭಾಗ ಮರಳಿತು. ಮರಳಿ ಬರುವ ತೂಕದಲ್ಲಿ ಕೊಬ್ಬಿನ ಪಾಲು ಹೆಚ್ಚು ಎಂಬುದು ವಯಸ್ಸಾದವರ ಅಧ್ಯಯನಗಳಲ್ಲಿ ಕಂಡಿದೆ. ಹೋಗುವಾಗ ಸ್ನಾಯುವನ್ನು ಕರೆದುಕೊಂಡು ಹೋಗಿ, ಬರುವಾಗ ಕೊಬ್ಬನ್ನಷ್ಟೇ ತಂದರೆ ಮೊದಲಿದ್ದ ತೂಕದಲ್ಲೇ ಮೊದಲಿಗಿಂತ ದುರ್ಬಲರಾಗಿರುತ್ತೀರಿ. ಆದ್ದರಿಂದ ಹಣದ ಲೆಕ್ಕ ಹಾಕುವಾಗ ಮೊದಲ ತಿಂಗಳ ಖರ್ಚನ್ನಲ್ಲ, ವರ್ಷಗಳ ಖರ್ಚನ್ನು ಲೆಕ್ಕ ಹಾಕಿ. ಆರು ತಿಂಗಳಿಗಷ್ಟೇ ಹಣವಿದೆ ಅನ್ನುವವರು ಶುರು ಮಾಡುವ ಮುನ್ನ ವೈದ್ಯರೊಡನೆ ನಿಲ್ಲಿಸುವ ಮಾತನ್ನೂ ಆಡಿ.

ಶಸ್ತ್ರಚಿಕಿತ್ಸೆಯ ಬಗ್ಗೆ ಸ್ವಲ್ಪವೇ ಹೇಳುತ್ತೇನೆ, ಏಕೆಂದರೆ ಅದನ್ನು ನಿರ್ಧರಿಸುವುದು ಸ್ನಾಯುವಿಗಿಂತ ಹೆಚ್ಚಾಗಿ ಬೇರೆ ಕಾಯಿಲೆಗಳು. ಕೊಬ್ಬಿಲ್ಲದ ತೂಕ ಹೆಚ್ಚು ಹೋಗುವುದು ಮೊದಲ ಮೂರರಿಂದ ಆರು ತಿಂಗಳಲ್ಲಿ. ಒಟ್ಟು ಬಲ ಇಳಿಯುತ್ತದೆ, ಆದರೆ ಪ್ರತಿ ಕಿಲೊ ತೂಕಕ್ಕೆ ಲೆಕ್ಕ ಹಾಕಿದರೆ ಏರುತ್ತದೆ, ನಡಿಗೆ ಸಲೀಸಾಗುತ್ತದೆ. ದಿನಕ್ಕೆ ಕನಿಷ್ಠ 60ರಿಂದ 80 ಗ್ರಾಂ ಪ್ರೋಟೀನ್ ತಿನ್ನಲು ಹೇಳುತ್ತಾರೆ, ಸಣ್ಣ ಹೊಟ್ಟೆಗೆ ಅಷ್ಟು ಹಿಡಿಸುವುದೇ ಕಷ್ಟ.

ಯಾವ ದಾರಿ ಹಿಡಿದರೂ ಬಿಡಬಾರದ ಎರಡು

ಇಷ್ಟು ಓದಿದವರಿಗೆ ಒಂದು ಸಂಗತಿ ಕಂಡಿರಬೇಕು. ದಾರಿಯ ಹೆಸರಿಗಿಂತ ಜೊತೆಗೆ ಭಾರ ಎತ್ತಿದರೋ ಇಲ್ಲವೋ, ಪ್ರೋಟೀನ್ ಸಾಕಾಯಿತೋ ಇಲ್ಲವೋ ಎಂಬುದೇ ಫಲಿತಾಂಶವನ್ನು ಹೆಚ್ಚು ಬದಲಿಸಿದೆ.

"ನಾನು ದಿನವೂ ನಡೆಯುತ್ತೇನಲ್ಲ" ಎಂಬ ಮಾತು ಬರುತ್ತದೆ. ಅಕ್ಕನೂ ಅದನ್ನೇ ಅಂದಿದ್ದಳು. ನಡಿಗೆ ಒಳ್ಳೆಯದು, ಆದರೆ ಅದು ಬೇರೆ ಕೆಲಸಕ್ಕೆ. ಬೊಜ್ಜಿದ್ದ 160 ಹಿರಿಯರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗ ಇದನ್ನು ಬಿಡಿಸಿ ತೋರಿಸಿತು. ಮೂರು ಗುಂಪುಗಳು ಊಟ ಕಡಿಮೆ ಮಾಡಿ ಆರು ತಿಂಗಳಲ್ಲಿ ತೂಕ 9 ಪ್ರತಿಶತ ಇಳಿಸಿದವು. ನಡಿಗೆ, ಸೈಕಲ್ ಥರದ ದಮ್ಮಿನ ವ್ಯಾಯಾಮ ಮಾತ್ರ ಮಾಡಿದವರು ಕೊಬ್ಬಿಲ್ಲದ ತೂಕದಲ್ಲಿ 5 ಪ್ರತಿಶತ, ಸೊಂಟದ ಮೂಳೆಯ ಸಾಂದ್ರತೆಯಲ್ಲಿ 3 ಪ್ರತಿಶತ ಕಳೆದುಕೊಂಡರು. ಭಾರ ಎತ್ತಿದವರ ನಷ್ಟ ಕೊಬ್ಬಿಲ್ಲದ ತೂಕದಲ್ಲಿ 2 ಪ್ರತಿಶತ, ಮೂಳೆಯಲ್ಲಿ ಅರ್ಧ ಪ್ರತಿಶತ. ಎರಡನ್ನೂ ಮಾಡಿದವರದು 3 ಮತ್ತು 1. ದಿನದ ಕೆಲಸಗಳ ಪರೀಕ್ಷೆಯಲ್ಲಿ ಮಾತ್ರ ಗೆದ್ದವರು ಎರಡನ್ನೂ ಮಾಡಿದವರು: 21 ಪ್ರತಿಶತ ಸುಧಾರಣೆ, ಉಳಿದೆರಡು ಗುಂಪುಗಳದು ತಲಾ 14. ಹೊತ್ತು ಇರುವವರು ಎರಡನ್ನೂ ಮಾಡಲಿ. ವಾರಕ್ಕೆ ಎರಡು ಗಂಟೆಯಷ್ಟೇ ಬಿಡುವಿರುವವರು ಭಾರವನ್ನೇ ಆರಿಸಿಕೊಂಡು, ನಡಿಗೆಯನ್ನು ದಿನದ ಓಡಾಟದಲ್ಲೇ ಸೇರಿಸಿಕೊಳ್ಳಲಿ ಎಂಬುದು ನನ್ನ ಮಾತು.

ಜಿಮ್ ಇಲ್ಲದೆಯೂ ಆಗುತ್ತದೆ. ಕುರ್ಚಿಯಿಂದ ಏಳುವುದು, ಆಮೇಲೆ ಬಸ್ಕಿ, ಗೋಡೆಗೆ ಕೈಯಿಟ್ಟು ತಳ್ಳುವುದು, ಅದು ಸಲೀಸಾದಾಗ ನೆಲದ ಮೇಲೆ ದಂಡ, ಚೀಲದಲ್ಲಿ ಭಾರ ತುಂಬಿ ನೆಲದಿಂದ ಎತ್ತುವುದು, ರಬ್ಬರ್ ಪಟ್ಟಿಯನ್ನು ಎದೆಯತ್ತ ಎಳೆಯುವುದು, ತುದಿಗಾಲಲ್ಲಿ ಏಳುವುದು. ವಾರಕ್ಕೆ ಎರಡು ಮೂರು ದಿನ, ಒಂದೊಂದನ್ನು ಎರಡು ಮೂರು ಸುತ್ತು. ಸುತ್ತಿನ ಕೊನೆಯ ಎರಡು ಮೂರು ಸಲ ಕಷ್ಟವೆನಿಸಬೇಕು. ಕಷ್ಟವೆನಿಸದಿದ್ದರೆ ಭಾರ ಹೆಚ್ಚಿಸಿ. ತಿಂಗಳುಗಟ್ಟಲೆ ಅದೇ ಒಂದು ಕಿಲೊ ಡಂಬೆಲ್ ಎತ್ತುತ್ತಿದ್ದರೆ ಸ್ನಾಯುವಿಗೆ ಸುದ್ದಿಯೇ ಮುಟ್ಟುವುದಿಲ್ಲ. ವಯಸ್ಸಾದವರು ಮೇಲೆ ಏಳುವುದನ್ನು ಬೇಗ, ಕೂರುವುದನ್ನು ನಿಧಾನವಾಗಿ ಮಾಡಲಿ. ಎಡವಿದಾಗ ಬೀಳದಂತೆ ಕಾಯುವುದು ಬಲದ ಜೊತೆಗೆ ವೇಗವೂ ಹೌದು.

ಪ್ರೋಟೀನ್ ವಿಷಯಕ್ಕೆ ಬಂದರೆ, ಸಾಮಾನ್ಯ ವಯಸ್ಕರಿಗೆ ಹೇಳುವ ಪ್ರಮಾಣ ಪ್ರತಿ ಕಿಲೊ ತೂಕಕ್ಕೆ ಸುಮಾರು 0.8 ಗ್ರಾಂ. ತೂಕ ಇಳಿಸುವಾಗ ಅದು ಸಾಲದು, 1.2ರಿಂದ 1.6 ಇಟ್ಟುಕೊಳ್ಳಿ. ಬೊಜ್ಜು ಹೆಚ್ಚಿರುವವರು ಈಗಿನ ತೂಕದ ಬದಲು ಮುಟ್ಟಬೇಕೆಂದಿರುವ ತೂಕಕ್ಕೆ ಲೆಕ್ಕ ಹಾಕಿ. 70 ಕಿಲೊ ಗುರಿಯಾದರೆ ದಿನಕ್ಕೆ 84ರಿಂದ 112 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 100 ಮಿಲಿ ಹಾಲಿನಲ್ಲಿ ಮೂರೂ ಕಾಲು ಗ್ರಾಂ ಎಂದು ಕೂಡಿಸಿ ನೋಡಿದರೆ ಇದು ತಾನಾಗಿ ತುಂಬುವ ಲೆಕ್ಕವಲ್ಲ ಎಂದು ಗೊತ್ತಾಗುತ್ತದೆ. ಪ್ರತಿ ಊಟದಲ್ಲೂ 25ರಿಂದ 30 ಗ್ರಾಂ ಬರುವಂತೆ ಹಂಚಿಕೊಳ್ಳಿ, ತಟ್ಟೆಯಲ್ಲಿ ಮೊದಲು ಅದನ್ನೇ ಬಡಿಸಿಕೊಳ್ಳಿ. ಪುಡಿ ಅನುಕೂಲಕ್ಕೆ ಮಾತ್ರ, ಅದಿಲ್ಲದೆ ನಡೆಯುತ್ತದೆ. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಪ್ರೋಟೀನ್ ಏರಿಸಬಾರದು.

ಎರಡೂ ಗಟ್ಟಿಯಾಗಿ ಸೇರಿದರೆ ಏನಾಗಬಹುದು ಎಂಬುದಕ್ಕೆ ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ 2016ರ ಪ್ರಯೋಗವಿದೆ. 40 ಯುವಕರು ನಾಲ್ಕು ವಾರ ಬೇಕಾದ ಶಕ್ತಿಗಿಂತ 40 ಪ್ರತಿಶತ ಕಡಿಮೆ ತಿಂದು ವಾರಕ್ಕೆ ಆರು ದಿನ ಕಠಿಣ ವ್ಯಾಯಾಮ ಮಾಡಿದರು. ಕಿಲೊಗೆ 2.4 ಗ್ರಾಂ ಪ್ರೋಟೀನ್ ತಿಂದವರು 4.8 ಕಿಲೊ ಕೊಬ್ಬು ಕಳೆದುಕೊಂಡು 1.2 ಕಿಲೊ ಕೊಬ್ಬಿಲ್ಲದ ತೂಕ ಗಳಿಸಿದರು. 1.2 ಗ್ರಾಂ ತಿಂದವರು 3.5 ಕಿಲೊ ಕೊಬ್ಬು ಇಳಿಸಿ, ಇದ್ದ ಸ್ನಾಯುವನ್ನು ಉಳಿಸಿಕೊಂಡರು. ಅವರೆಲ್ಲ ಯುವಕರು, ನಾಲ್ಕೇ ವಾರ, ಮೇಲೆ ನಿಂತು ಮಾಡಿಸುವವರಿದ್ದರು. 50 ದಾಟಿದವರು ಇದನ್ನು ತಮಗೆ ಅನ್ವಯಿಸಿಕೊಳ್ಳಬೇಡಿ.

ನಿಮ್ಮ ಸ್ಥಿತಿಗೆ ಯಾವುದು

65 ದಾಟಿದ್ದು, ತೂಕ ಸ್ವಲ್ಪವೇ ಹೆಚ್ಚಿದ್ದರೆ ಮೊದಲು ತೂಕಕ್ಕೆ ಕೈ ಹಾಕಲೇಬೇಡಿ. ಮೂರು ತಿಂಗಳು ಭಾರ ಎತ್ತಿ, ಪ್ರೋಟೀನ್ ಸರಿಮಾಡಿಕೊಂಡು ಆಮೇಲೆ ನೋಡಿ. ಮಂಡಿ ನೋವಿಗೋ ಸಕ್ಕರೆಗೋ ತೂಕ ಇಳಿಸಲೇಬೇಕಿದ್ದರೆ ನಿಧಾನದ ದಾರಿ, ದಿನಕ್ಕೆ 300 ಕ್ಯಾಲೊರಿ ಕೊರತೆ ಸಾಕು.

ಟೈಪ್ 2 ಸಕ್ಕರೆ ಕಾಯಿಲೆ ಬಂದು ಕೆಲವೇ ವರ್ಷವಾಗಿದೆ, ಬೊಜ್ಜಿದೆ, ವೈದ್ಯರ ಬೆಂಬಲವಿದೆ ಎಂದಾದರೆ ವೇಗದ ದಾರಿಯ ಲಾಭ ಅದರ ನಷ್ಟವನ್ನು ಮೀರಬಹುದು. ಭಾರದ ವ್ಯಾಯಾಮವನ್ನು ಎರಡು ವಾರ ಮುಂಚೆಯೇ ಶುರು ಮಾಡಿ. ಹೊಟ್ಟೆ ಹಸಿದ ಮೊದಲ ವಾರ ಹೊಸ ವ್ಯಾಯಾಮ ಕಲಿಯುವುದು ಕಷ್ಟ.

ತೆಳ್ಳಗೇ ಇದ್ದು ಹೊಟ್ಟೆಯ ಸುತ್ತ ಮಾತ್ರ ಕೊಬ್ಬಿರುವ ಯುವಕರು, ಯುವತಿಯರು ಕ್ಯಾಲೊರಿ ಕತ್ತರಿಸುವುದರಿಂದ ಎಲ್ಲರಿಗಿಂತ ಹೆಚ್ಚು ಸ್ನಾಯು ಕಳೆದುಕೊಳ್ಳುವವರು. ನಿಮಗೆ ಬೇಕಿರುವುದು ಡಯಟ್ಟಿಗಿಂತ ಹೆಚ್ಚಾಗಿ ಭಾರ. ಮುಟ್ಟು ತಪ್ಪಿದರೆ ಅದು ಕೊರತೆ ಅತಿಯಾಯಿತು ಎಂಬ ಸೂಚನೆ, ಅಲ್ಲಿಗೆ ನಿಲ್ಲಿಸಿ ವೈದ್ಯರನ್ನು ಕಾಣಿ.

ಹತ್ತಾರು ಕಿಲೊ ಇಳಿಸಬೇಕಿದ್ದು, ಊಟ ಕಡಿಮೆ ಮಾಡುವ ಪ್ರಯತ್ನ ಹಲವು ಸಲ ಸೋತಿದ್ದರೆ ಔಷಧಿ ಅಥವಾ ಶಸ್ತ್ರಚಿಕಿತ್ಸೆಗೆ ನಾಚಿಕೊಳ್ಳಬೇಕಾದ್ದಿಲ್ಲ. ಹಸಿವೇ ಇಲ್ಲದಾಗ ಪ್ರೋಟೀನನ್ನು ಔಷಧಿಯಂತೆ ಹೊತ್ತಿಗೆ ಸರಿಯಾಗಿ ತಿನ್ನಿ.

ಯಾವ ದಾರಿಯಲ್ಲಿದ್ದರೂ ಕುರ್ಚಿಯ ಸೆಕೆಂಡುಗಳು ಎರಡು ಸಲ ಸತತವಾಗಿ ಹೆಚ್ಚಿದರೆ ಇಳಿಕೆಯನ್ನು ಎರಡು ವಾರ ನಿಲ್ಲಿಸಿ. ದಿನಕ್ಕೆ 300 ಕ್ಯಾಲೊರಿಯಷ್ಟು ಹೆಚ್ಚು ತಿನ್ನಿ, ಅದರಲ್ಲಿ ಪ್ರೋಟೀನೇ ಹೆಚ್ಚಿರಲಿ, ಭಾರದ ವ್ಯಾಯಾಮ ಮುಂದುವರಿಯಲಿ. ಅಕ್ಕ ಹಾಗೆಯೇ ಮಾಡಿದಳು. ಮೂರು ಕಿಲೊ ಮರಳಿ ಬಂತು, ಗೋಡೆಯ ಆಸರೆ ಬೇಡವಾಗಲು ನಾಲ್ಕು ತಿಂಗಳು ಹಿಡಿಯಿತು. ಎರಡು ವಾರದ ಮೇಲೂ ಸೆಕೆಂಡುಗಳು ಇಳಿಯದಿದ್ದರೆ, ಅಥವಾ ಸ್ನಾಯು ಸೆಳೆತವೋ ಎದೆಬಡಿತದ ಏರುಪೇರೋ ಜೊತೆಗಿದ್ದರೆ, ಅದನ್ನು ಡಯಟ್ಟಿನ ಸುಸ್ತು ಎಂದು ತಳ್ಳಿಹಾಕದೆ ರಕ್ತಹೀನತೆ, ಥೈರಾಯ್ಡ್, ವಿಟಮಿನ್ ಡಿ ಮತ್ತು ಪೊಟ್ಯಾಸಿಯಂ ಮಟ್ಟವನ್ನು ಪರೀಕ್ಷೆ ಮಾಡಿಸಿ.